ಟ್ರಸ್ಟು, ಸಂಘದ ಕಮಿಟಿಗೆ ಕೆಲಸ ಗೊತ್ತಿರೋರನ್ನ ಹುಡುಕೋದು ಹೇಗೆ? ಒಂದೊಂದೇ ಹೆಜ್ಜೆ

ತಿಂಗಳಿಗೆ ಎರಡು ಮೂರು ಸಲ ಆದ್ರೂ ಈ ಪ್ರಶ್ನೆ ನನಗೆ ಬಂದೇ ಬರುತ್ತೆ. ಒಂದು ಕಡೆಯಿಂದ, "ಮೇಡಂ, ನಮ್ಮದೊಂದು ಸಣ್ಣ ಟ್ರಸ್ಟ್, ಲೆಕ್ಕಪತ್ರ ಗೊತ್ತಿರೋರು ಒಬ್ರು ಕಮಿಟಿಗೆ ಬೇಕಿತ್ತು, ಯಾರಾದ್ರೂ ಇದ್ರೆ ಹೇಳಿ" ಅಂತ. ಇನ್ನೊಂದು ಕಡೆಯಿಂದ, "ಬ್ಯಾಂಕಿಂದ ರಿಟೈರ್ ಆಗಿ ವರ್ಷ ಆಯ್ತು, ಬರೀ ಚಂದಾ ಕೊಟ್ಟು ಸುಮ್ಮನಾಗೋಕೆ ಮನಸಿಲ್ಲ, ನನಗೆ ಗೊತ್ತಿರೋ ಕೆಲಸದಿಂದಾನೇ ಏನಾದ್ರೂ ಮಾಡ್ಬೇಕು" ಅಂತ. ಎಷ್ಟೋ ಸಲ ಇವರಿಬ್ರೂ ಒಂದೇ ಊರಲ್ಲಿ, ಒಂದೇ ಬಡಾವಣೆಲಿ ಇರ್ತಾರೆ, ಒಬ್ರಿಗೆ ಇನ್ನೊಬ್ರು ಸಿಗಲ್ಲ. ಸಿಕ್ಕಿದ್ರೂ ಆರು ತಿಂಗಳಲ್ಲಿ ಮುಖ ಊದಿಸ್ಕೊಂಡು ದೂರ ಆಗ್ತಾರೆ. ಒಬ್ಬೊಬ್ರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಎಲ್ಲಾನೂ ಒಂದೇ ಕಡೆ ಇಡ್ತಿದೀನಿ.

ಮೊದಲೇ ಒಂದು ಮಾತು. ನಮ್ಮಲ್ಲಿ ಕಮಿಟಿ ಸೀಟು ಅಂದ್ರೆ ಶಾಲು ಹೊದಿಸಿ ಹಾರ ಹಾಕಿದ ಹಾಗೆ ಕೊಡೋ ಗೌರವ ಅಂತಾನೇ ಲೆಕ್ಕ, "ದೊಡ್ಡವರು, ಹೆಸರಿರೋರು, ಇರಲಿ ಬಿಡಿ" ಅಂತ ಸೇರಿಸ್ತಾರೆ. ಅವರೂ ಪಾಪ ವಾರ್ಷಿಕೋತ್ಸವಕ್ಕೆ ಬಂದು ದೀಪ ಹಚ್ಚಿ ಹೋಗ್ತಾರೆ. ಆದ್ರೆ ಕಾನೂನಿನ ಕಣ್ಣಲ್ಲಿ ಸಂಸ್ಥೆಯ ದುಡ್ಡಿಗೆ, ಮಕ್ಕಳ ಸುರಕ್ಷತೆಗೆ, ಸಿಬ್ಬಂದಿಗೆ ಜವಾಬ್ದಾರಿ ಆ ಕಮಿಟಿದೇ. ಹಾಗಾಗಿ ನಾನು ಎಲ್ಲರಿಗೂ ಹೇಳೋದು ಒಂದೇ: ಮೊದಲು ಕೆಲಸ ಯಾವುದು ಅಂತ ಗೊತ್ತು ಮಾಡ್ಕೊಳ್ಳಿ, ಆಮೇಲೆ ಆ ಕೆಲಸಕ್ಕೆ ಆಳು ಹುಡುಕಿ, ಸ್ವಲ್ಪ ದಿನ ಜೊತೆಲಿ ಕೆಲಸ ಮಾಡಿ ನೋಡಿ, ಕುರ್ಚಿ ವಿಷಯ ಕೊನೆಗೆ. ಕೆಳಗಿನ ಹೆಜ್ಜೆಗಳೆಲ್ಲ ಇದೇ ಕ್ರಮದಲ್ಲಿವೆ.

1. ನಿಮ್ಮ ಸಂಸ್ಥೆ ಯಾವ ನಮೂನೆದು ನೋಡಿ

ಕರ್ನಾಟಕದಲ್ಲಿ ಸೇವಾ ಸಂಸ್ಥೆಗಳು ಸಾಮಾನ್ಯವಾಗಿ ಮೂರು ತರ. ಸಬ್‌ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆದ ಟ್ರಸ್ಟ್. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೆಳಗೆ, ಸಹಕಾರ ಇಲಾಖೆಯ ಜಿಲ್ಲಾ ರಿಜಿಸ್ಟ್ರಾರ್ ಹತ್ರ ನೋಂದಣಿ ಆದ ಸಂಘ. ಆಮೇಲೆ 2013ರ ಕಂಪನಿ ಕಾಯ್ದೆಯ ಸೆಕ್ಷನ್ 8 ಕಂಪನಿ, ಅಂದ್ರೆ ಲಾಭ ಹಂಚ್ಕೊಳ್ಳದೆ ಸೇವೆಗೆ ಅಂತಾನೇ ಮಾಡಿರೋ ಕಂಪನಿ.

ಟ್ರಸ್ಟ್ ಆಗಿದ್ರೆ ಟ್ರಸ್ಟ್ ಡೀಡ್ ತೆಗೆದು ಓದಿ. ಡೀಡ್ ಅಂದ್ರೆ ಟ್ರಸ್ಟ್ ಶುರು ಮಾಡುವಾಗ ಛಾಪಾ ಕಾಗದದ ಮೇಲೆ ಬರೆಸಿದ ಮೂಲ ಪತ್ರ. ಮಹಾರಾಷ್ಟ್ರದಲ್ಲಿ ಇದನ್ನೆಲ್ಲ ನೋಡ್ಕೊಳ್ಳೋಕೆ ಚಾರಿಟಿ ಕಮಿಷನರ್ ಅಂತ ಇರ್ತಾರೆ, ನಮ್ಮಲ್ಲಿ ಆ ತರ ಕಚೇರಿ ಇಲ್ಲ, ಹಾಗಾಗಿ ಹೊಸ ಟ್ರಸ್ಟಿಯನ್ನ (ಅಂದ್ರೆ ಟ್ರಸ್ಟ್‌ನ ಕಮಿಟಿಲಿ ಕೂರೋರನ್ನ) ಯಾರು ನೇಮಿಸ್ಬಹುದು, ಹೆಚ್ಚಂದ್ರೆ ಎಷ್ಟು ಜನ, ಅವಧಿ ಎಷ್ಟು ಅನ್ನೋದಕ್ಕೆಲ್ಲ ಮೊದಲು ನೋಡ್ಬೇಕಾದ್ದು ಡೀಡ್‌ನೇ. ಎಷ್ಟೋ ಡೀಡ್‌ಗಳಲ್ಲಿ "ಸಂಸ್ಥಾಪಕರು ಜೀವಿತಾವಧಿ ಟ್ರಸ್ಟಿಗಳು, ಹೊಸಬರನ್ನು ನೇಮಿಸುವ ಅಧಿಕಾರ ಅವರದೇ" ಅಂತ ಒಂದು ಸಾಲು ಇರುತ್ತೆ, ಹೊರಗಿನಿಂದ ಬರೋರಿಗೆ ಇದು ಮೊದಲೇ ಗೊತ್ತಿರ್ಬೇಕು.

ಸಂಘ ಆಗಿದ್ರೆ ಬೈಲಾ ನೋಡಿ, ಅಂದ್ರೆ ಸಂಘದ ಒಳನಿಯಮ. ಸಾಮಾನ್ಯವಾಗಿ ಮೊದಲು ಸದಸ್ಯತ್ವ ಕೊಡ್ಬೇಕು, ಆಮೇಲೆ ಸರ್ವಸದಸ್ಯರ ಸಭೆಲಿ ಆಯ್ಕೆ ಆಗ್ಬೇಕು, ಮಧ್ಯದಲ್ಲಿ ಸ್ಥಾನ ಖಾಲಿ ಆದ್ರೆ ಕೋ-ಆಪ್ಟ್ ಮಾಡ್ಕೊಳ್ಳೋಕೆ, ಅಂದ್ರೆ ಚುನಾವಣೆ ಇಲ್ಲದೆ ಕಮಿಟಿಯೇ ಸೇರಿಸ್ಕೊಳ್ಳೋಕೆ, ಬೈಲಾದಲ್ಲಿ ಅವಕಾಶ ಇದೆಯಾ ನೋಡಿ. ಇಲ್ಲಿ ಜನ ಎಡವೋದು ಒಂದು ಕಡೆ: ವಾರ್ಷಿಕ ಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿನ ರಿಜಿಸ್ಟ್ರಾರ್‌ಗೆ ಸಲ್ಲಿಸ್ಬೇಕು. ನಾಲ್ಕೈದು ವರ್ಷ ಸಲ್ಲಿಸ್ದೇ ಇರೋ ಸಂಘಗಳು ಬೇಕಾದಷ್ಟಿವೆ, ಅಲ್ಲಿ ದಾಖಲೆಲಿ ಇನ್ನೂ ಹಳೇ ಕಮಿಟಿನೇ ಇರುತ್ತೆ, ಹೊಸ ಖಜಾಂಚಿ ಸೈನ್ ತಗೊಂಡು ಬ್ಯಾಂಕಿಗೆ ಹೋದ್ರೆ "ರಿಜಿಸ್ಟ್ರಾರ್ ದೃಢೀಕರಿಸಿದ ಪಟ್ಟಿ ತನ್ನಿ" ಅಂತಾರೆ, ಅಲ್ಲಿಗೆ ಆ ಮನುಷ್ಯನ ಉತ್ಸಾಹ ಅರ್ಧ ಇಳಿದು ಹೋಗುತ್ತೆ. ಆಳು ಹುಡುಕೋ ಮುಂಚೆನೇ ಈ ಬಾಕಿ ಮುಗಿಸಿ.

ಸೆಕ್ಷನ್ 8 ಕಂಪನಿ ಆದ್ರೆ ಬರೋರು ಡೈರೆಕ್ಟರ್ ಆಗ್ತಾರೆ. ಅವರಿಗೆ ಡಿಐಎನ್ ಬೇಕು, ಅದು ಕಂಪನಿ ಇಲಾಖೆ ಕೊಡೋ ಡೈರೆಕ್ಟರ್ ನಂಬರ್. ಇದರ ಬಗ್ಗೆ 7ನೇ ಹೆಜ್ಜೆಲಿ ಹೇಳ್ತೀನಿ.

2. ಏನಿದೆ, ಏನಿಲ್ಲ ಅಂತ ಒಂದು ಹಾಳೆಲಿ ಬರೀರಿ

ಒಂದು ಹಾಳೆ ತಗೊಂಡು ಎಡಗಡೆ ಈಗಿರೋ ಕಮಿಟಿಯವರ ಹೆಸರು, ಮೇಲ್ಗಡೆ ಅಡ್ಡಕ್ಕೆ ಬೇಕಾದ ಕೆಲಸಗಳು: ಲೆಕ್ಕ, ಕಾನೂನು, ಸಿಬ್ಬಂದಿ ವಿಷಯ, ದೇಣಿಗೆ ತರೋದು, ಕಂಪ್ಯೂಟರ್, ನಿಮ್ಮ ಕ್ಷೇತ್ರದ ತಿಳುವಳಿಕೆ. ಯಾರಿಗೆ ಯಾವುದು ನಿಜವಾಗ್ಲೂ ಗೊತ್ತೋ ಅಲ್ಲಿ ಟಿಕ್ ಹಾಕಿ. ಅರ್ಧ ಗಂಟೆ ಕೆಲಸ. ಹೆಚ್ಚಿನ ಕಡೆ ಏನಾಗುತ್ತೆ ಅಂದ್ರೆ ಐದು ಜನರಿಗೂ ಒಂದೇ ಕಾಲಂ ತುಂಬಿರುತ್ತೆ, ಉಳಿದದ್ದೆಲ್ಲ ಖಾಲಿ. ಎಲ್ಲರೂ ಮೇಷ್ಟ್ರುಗಳು, ಅಥವಾ ಎಲ್ಲರೂ ಒಂದೇ ಮನೆಯವರು.

ಮನೆಯವರ ವಿಷಯ ಸ್ವಲ್ಪ ಗಮನ ಇಟ್ಟು ಕೇಳಿ. ಗಂಡ ಅಧ್ಯಕ್ಷರು, ಹೆಂಡತಿ ಕಾರ್ಯದರ್ಶಿ, ಭಾವಮೈದುನ ಖಜಾಂಚಿ, ಇದು ಕಾನೂನುಬಾಹಿರ ಅಂತ ಅಲ್ಲ, ಆದ್ರೆ ದೇಣಿಗೆ ಕೊಡೋ ಕಂಪನಿಗಳು ಮೊದಲು ನೋಡೋದೇ ಇದನ್ನ. ಸ್ವಯಂಸೇವಾ ಸಂಸ್ಥೆಗಳಿಗೆ ನಂಬಿಕೆಯ ಮಾನದಂಡ ಹಾಕಿರೋ ಕ್ರೆಡಿಬಿಲಿಟಿ ಅಲಯನ್ಸ್ ಕೂಡ ಮಂಡಳಿಲಿ ಸಂಬಂಧಿಕರ ಸಂಖ್ಯೆಗೆ ಒಂದು ಮಿತಿ ಇರ್ಬೇಕು ಅನ್ನುತ್ತೆ.

ಆ ಹಾಳೆಲಿ ಇನ್ನೊಂದು ಕಾಲಂ ಸೇರಿಸಿ: ನಿಮ್ಮ ಸೇವೆ ಪಡೆಯೋರು. ವಿಶೇಷ ಚೇತನ ಮಕ್ಕಳ ಶಾಲೆ ಆದ್ರೆ ಅಂಥ ಮಗುವಿನ ತಾಯಿ ಒಬ್ರು, ಅಂಧರ ಸಂಸ್ಥೆ ಆದ್ರೆ ಕಣ್ಣು ಕಾಣದೋರು ಒಬ್ರು. ಅವರಿಗಿರೋ ಅನುಭವಾನೂ ಸಿಎ ಡಿಗ್ರಿ ಅಷ್ಟೇ ತೂಕದ ಕೌಶಲ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಶಾಲೆ ವ್ಯಾನು ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದ್ರೆ ಮಗು ಅಳದೆ ಹತ್ತುತ್ತೆ ಅನ್ನೋದು ಯಾವ ಆಡಿಟ್ ರಿಪೋರ್ಟಲ್ಲೂ ಇರಲ್ಲ.

3. ಕೆಲಸದ ಚೀಟಿ ಬರೀರಿ, ಒಂದೇ ಪುಟ

"ಅನುಭವಿ ಸ್ವಯಂಸೇವಕರು ಬೇಕಾಗಿದ್ದಾರೆ" ಅಂತ ಹಾಕಿದ್ರೆ ಯಾರೂ ಬರಲ್ಲ, ಬಂದೋರಿಗೆ ಏನು ಮಾಡ್ಬೇಕು ಅಂತ ತಿಳಿಯಲ್ಲ. ಹೀಗೆ ಬರೀರಿ:

"ಖಜಾಂಚಿ ಬೇಕು. ವರ್ಷಕ್ಕೆ ಸುಮಾರು 18 ಲಕ್ಷ ಖರ್ಚಿನ ಸಂಸ್ಥೆ, 6 ಜನ ಸಿಬ್ಬಂದಿ. ಲೆಕ್ಕ ಬರೆಯೋಕೆ ಬೇರೆ ಹುಡುಗಿ ಇದಾಳೆ. ನಿಮ್ಮ ಕೆಲಸ ತಿಂಗಳಿಗೊಂದು ಸಲ ವೋಚರ್ (ಖರ್ಚಿನ ಚೀಟಿ), ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ಪಕ್ಕಪಕ್ಕ ಇಟ್ಟು ನೋಡೋದು, ಮೂರು ತಿಂಗಳಿಗೊಮ್ಮೆ ಕಮಿಟಿಗೆ ಒಂದು ಪುಟದ ವರದಿ, ವರ್ಷಕ್ಕೊಮ್ಮೆ ಆಡಿಟರ್ ಜೊತೆ ಕೂರೋದು. ತಿಂಗಳಿಗೆ 6 ಗಂಟೆ. ಸಂಬಳ ಇಲ್ಲ, ಬಸ್ ಆಟೋ ಖರ್ಚು ಕೊಡ್ತೀವಿ. ಸಭೆ ಎರಡನೇ ಶನಿವಾರ ಸಂಜೆ, ಕನ್ನಡದಲ್ಲಿ."

ಸಭೆ ಯಾವ ಭಾಷೆಲಿ ಅನ್ನೋದನ್ನ ಬರೆಯೋದು ಮರೀಬೇಡಿ. ಒಬ್ಬ ಹೊರಗಿನ ಎಕ್ಸ್‌ಪರ್ಟ್ ಬಂದ್ರು ಅಂತ ಇಡೀ ಸಭೆ ಇಂಗ್ಲಿಷಿಗೆ ತಿರುಗಿದ್ರೆ, ಹತ್ತು ವರ್ಷದಿಂದ ಮಾತಾಡ್ತಿದ್ದ ಅಂಗನವಾಡಿ ಟೀಚರ್ ಅವತ್ತಿಂದ ಬಾಯಿ ಮುಚ್ಕೊಂಡು ಕೂತ್ಬಿಡ್ತಾರೆ.

4. ಎಲ್ಲಿ ಹುಡುಕೋದು

ಜನ ಮೊದಲು ಬೆಂಗಳೂರು, ಲಿಂಕ್ಡ್‌ಇನ್ ಅಂತ ಓಡ್ತಾರೆ. ನಾನು ಹೇಳೋದು, ಮೊದಲು ನಿಮ್ಮೂರಲ್ಲೇ ಕೇಳಿ. ನಮ್ಮ ರಾಜ್ಯ ಬ್ಯಾಂಕುಗಳ ತವರು. ಕೆನರಾ, ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರಲ್ಲಿ ಕರಾವಳಿಲಿ ಹುಟ್ಟಿದ್ವು, ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿಗೆ ಮೂಲವಾದ ಮೈಸೂರು ಬ್ಯಾಂಕ್ 1913ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ. 2017ರಿಂದ 2020ರೊಳಗೆ ಮೈಸೂರು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ನಾಲ್ಕೂ ವಿಲೀನ ಆದ್ವು, ಹೆಸರು ಹೋಯ್ತು, ಆದ್ರೆ ಅಲ್ಲಿ ದುಡಿದು ನಿವೃತ್ತರಾದೋರು ಉಡುಪಿ, ಮಂಗಳೂರು, ಮೈಸೂರು, ಶಿವಮೊಗ್ಗದ ಬೀದಿಬೀದಿಲಿ ಇದಾರೆ. ಮೂವತ್ತೈದು ವರ್ಷ ಸಂಜೆ ಕ್ಯಾಶ್ ಟ್ಯಾಲಿ ಆಗದೆ ಮನೆಗೆ ಹೋಗದೆ ಇದ್ದವರು ಅವರು. ಖಜಾಂಚಿ ಕೆಲಸಕ್ಕೆ ಇವರಿಗಿಂತ ಒಳ್ಳೆಯವರು ಸಿಗಲ್ಲ. ನಿವೃತ್ತ ಬ್ಯಾಂಕ್ ನೌಕರರ ಸಂಘಗಳಿಗೆ ನಿಮ್ಮ ಕೆಲಸದ ಚೀಟಿ ಕೊಟ್ಟು ಬನ್ನಿ. ಹಾಗೇ ಎಲ್‌ಐಸಿ, ಎಚ್‌ಎಎಲ್, ಬಿಇಎಲ್ ನಿವೃತ್ತರು, ಸಿಬ್ಬಂದಿ ವಿಭಾಗದಲ್ಲಿದ್ದೋರಾದ್ರೆ ಪಿಎಫ್, ಇಎಸ್‌ಐ ಎಲ್ಲ ಬೆರಳ ತುದೀಲಿರುತ್ತೆ.

ಸಿಎ ಬೇಕಾದ್ರೆ ನಿಮ್ಮ ಊರಿನ ಐಸಿಎಐ (ಸಿಎಗಳ ರಾಷ್ಟ್ರೀಯ ಸಂಸ್ಥೆ) ಶಾಖೆ, ವಕೀಲರು ಬೇಕಾದ್ರೆ ವಕೀಲರ ಸಂಘ. ಆನ್‌ಲೈನ್‌ನಲ್ಲಿ ಐವಾಲಂಟಿಯರ್, ಕನೆಕ್ಟ್‌ಫಾರ್ ತರದ ವೇದಿಕೆಗಳು ಸಂಸ್ಥೆ ಮತ್ತು ಸ್ವಯಂಸೇವಕರನ್ನ ಜೋಡಿಸ್ತವೆ. ಟಾಟಾ ಗುಂಪಿನ ನೌಕರರಿಗೆ ಪ್ರೋಎಂಗೇಜ್ ಅಂತ ಇದೆ, ಅವರು ಕೆಲಸದ ಜೊತೆಗೇ ಕೆಲವು ತಿಂಗಳು ಒಂದು ಸಂಸ್ಥೆಗೆ ತಮ್ಮ ಕೌಶಲ ಕೊಡ್ತಾರೆ. ಬ್ರಿಟನ್‌ನಲ್ಲಿರೋ ಕನ್ನಡಿಗರು ಅಲ್ಲಿನ ಚಾರಿಟಿಗಳಿಗೆ ಟ್ರಸ್ಟಿ ಆಗ್ಬೇಕು ಅಂದ್ರೆ ರೀಚ್ ವಾಲಂಟಿಯರಿಂಗ್ ನೋಡಿ, 1979ರಿಂದ ಇದೇ ಕೆಲಸ ಮಾಡ್ತಿದಾರೆ.

ಒಂದು ಎಚ್ಚರಿಕೆ: ನಿಮ್ಮ ಲೆಕ್ಕ ಆಡಿಟ್ ಮಾಡೋ ಸಿಎ ಅವರನ್ನೇ ಕಮಿಟಿಗೆ ಹಾಕ್ಕೋಬೇಡಿ. "ಹೇಗೂ ನಮ್ಮವರೇ ಅಲ್ವಾ" ಅಂತ ತುಂಬ ಜನ ಕೇಳ್ತಾರೆ. ತಾನು ಕೂತಿರೋ ಕಮಿಟಿಯ ಲೆಕ್ಕಾನ ತಾನೇ ಪರಿಶೋಧನೆ ಮಾಡಿದ್ರೆ ಆ ಆಡಿಟ್‌ಗೆ ಬೆಲೆ ಇರಲ್ಲ. ಎರಡರಲ್ಲಿ ಒಂದು.

5. ಕೂತು ಮಾತಾಡಿ, ಎರಡೂ ಕಡೆಯೋರು ಕೇಳ್ಬೇಕು

ಸಂಸ್ಥೆಯವರು ಕೇಳ್ಬೇಕಾದ್ದು: ತಿಂಗಳಿಗೆ ನಿಜವಾಗ್ಲೂ ಎಷ್ಟು ಗಂಟೆ ಸಿಗುತ್ತೆ? ಈಗ ಕೆಲಸದಲ್ಲಿದ್ರೆ ನಿಮ್ಮ ಕಂಪನಿಗೆ ತಿಳಿಸ್ಬೇಕಾ, ಸರ್ಕಾರಿ ನೌಕರರಾದ್ರೆ ಇಲಾಖೆ ಅನುಮತಿ ಬೇಕಾ? ನಿಮಗಾಗ್ಲಿ ಮನೆಯವರಿಗಾಗ್ಲಿ ನಮ್ಮ ಸಂಸ್ಥೆ ಜೊತೆ ಏನಾದ್ರೂ ವ್ಯವಹಾರ ಇದೆಯಾ? ಕೊನೇದು ಮುಖ್ಯ, ಇದಕ್ಕೆ ಹಿತಾಸಕ್ತಿ ಸಂಘರ್ಷ ಅಂತಾರೆ. ಟ್ರಸ್ಟಿಯ ತಮ್ಮನ ಅಂಗಡಿಯಿಂದಾನೇ ಅಕ್ಕಿ ಬೇಳೆ ಬರ್ತಿದ್ರೆ, ಮಾರುಕಟ್ಟೆಗಿಂತ ಹೆಚ್ಚು ಬೆಲೆ ಕೊಟ್ಟಿದ್ರೆ, ಆದಾಯ ತೆರಿಗೆ ವಿನಾಯಿತಿಗೇ ಕುತ್ತು ಬರ್ಬಹುದು. ವ್ಯವಹಾರ ಇದ್ರೆ ಮೊದಲೇ ಹೇಳಲಿ, ನಡಾವಳಿಲಿ ಬರೀರಿ, ಆ ವಿಷಯ ಬಂದಾಗ ಅವರು ಎದ್ದು ಹೊರಗೆ ಹೋಗಲಿ.

ಸ್ವಯಂಸೇವಕರೇ, ಈಗ ನಿಮ್ಮ ಸರದಿ. ಸಂಕೋಚ ಬೇಡ. ಮೂರು ವರ್ಷದ ಆಡಿಟ್ ವರದಿ ಕೇಳಿ, ಡೀಡ್ ಅಥವಾ ಬೈಲಾ ಕೇಳಿ, 12ಎ, 80ಜಿ ಅಂತ ಎಲ್ಲರೂ ಕರೆಯೋ ತೆರಿಗೆ ನೋಂದಣಿ ಚಾಲ್ತಿಲಿದೆಯಾ ಕೇಳಿ (ಮೊದಲನೆಯದು ಸಂಸ್ಥೆಯ ಆದಾಯಕ್ಕೆ ವಿನಾಯಿತಿ, ಎರಡನೆಯದು ದಾನಿಗೆ ವಿನಾಯಿತಿ, ಎರಡಕ್ಕೂ ಅವಧಿ ಇದೆ, ಮುಗಿಯೋ ಮುಂಚೆ ನವೀಕರಿಸ್ಬೇಕು). ಮಕ್ಕಳ ವಸತಿ ಗೃಹ ಆದ್ರೆ 2015ರ ಬಾಲನ್ಯಾಯ ಕಾಯ್ದೆ ಕೆಳಗೆ ನೋಂದಣಿ ಆಗಿದೆಯಾ ಅಂತ ಕೇಳಿ, ಇಲ್ಲ ಅಂದ್ರೆ ಅಲ್ಲಿಗೆ ನಿಲ್ಲಿಸಿ.

ಆಮೇಲೆ ಎರಡು ವಸ್ತು ಕೈಲಿ ಹಿಡಿದು ನೋಡಿ. ಒಂದು ನಡಾವಳಿ ಪುಸ್ತಕ, ಅಂದ್ರೆ ಸಭೆಯ ಮಿನಿಟ್ಸ್ ಬುಕ್. ಇನ್ನೊಂದು ಚೆಕ್ ಬುಕ್. ನಾನು ಒಮ್ಮೆ ಒಂದು ಕಡೆ ಹೋಗಿದ್ದಾಗ ನಡಾವಳಿ ಪುಸ್ತಕದಲ್ಲಿ ಐದು ಸಭೆ, ಐದು ತಾರೀಕು, ಆದ್ರೆ ಎಲ್ಲ ಸಹಿಗಳೂ ಒಂದೇ ನೀಲಿ ಜೆಲ್ ಪೆನ್ನಿಂದು, ಒಂದು ಪುಟದ ಸಹಿ ಇನ್ನೂ ಒಣಗದೆ ಎದುರು ಪುಟಕ್ಕೆ ಅಚ್ಚಾಗಿತ್ತು. ಬೀರು ತೆಗೆಸಿದ್ರೆ ಚೆಕ್ ಬುಕ್ಕಲ್ಲಿ ಹನ್ನೊಂದು ಖಾಲಿ ಚೆಕ್ಕಿಗೆ ಖಜಾಂಚಿ ಮೊದಲೇ ಸೈನ್ ಹಾಕಿಟ್ಟಿದ್ರು. ಅವರು ಕಳ್ಳರಲ್ಲ, ಮಗನ ಮನೆಗೆ ಅಂತ ಪುಣೆಗೆ ಹೋಗಿದ್ರು, ಸಿಬ್ಬಂದಿ ಸಂಬಳ ನಿಲ್ಲಬಾರದು ಅಂತ ಹಾಗೆ ಮಾಡಿದ್ರು ಅಷ್ಟೇ. ಆದ್ರೆ ಇಬ್ಬರ ಸಹಿ ಬೇಕು ಅನ್ನೋ ನಿಯಮ ಇರೋದೇ ಒಬ್ಬರನ್ನ ಇನ್ನೊಬ್ರು ನೋಡ್ಲಿ ಅಂತ. ಇಂಥದ್ದು ಕಂಡ ತಕ್ಷಣ ಓಡಿಹೋಗಿ ಅಂತ ನಾನು ಹೇಳಲ್ಲ, ಸರಿಪಡಿಸೋಕೆ ಒಪ್ತಾರಾ ಕೇಳಿ. ಒಪ್ಪಿದ್ರೆ ನಿಮ್ಮಂಥವರೇ ಅಲ್ಲಿ ಬೇಕಾಗಿರೋದು.

6. ಮೂರು ತಿಂಗಳು ಒಂದು ಸಣ್ಣ ಕೆಲಸ

ಇಡೀ ಮಾರ್ಗದರ್ಶಿಲಿ ನಾನು ಒತ್ತಿ ಹೇಳೋ ಹೆಜ್ಜೆ ಇದೇ, ಜನ ಬಿಡೋದೂ ಇದನ್ನೇ. ಸೀಟು ಕೊಡೋ ಮುಂಚೆ ಶುರು ಮತ್ತು ಕೊನೆ ಇರೋ ಒಂದು ಕೆಲಸ ಕೊಡಿ. ಲೆಕ್ಕದವರಾದ್ರೆ ಹೋದ ಮೂರು ತಿಂಗಳ ವೋಚರ್ ನೋಡಿ ಏನೇನು ತಪ್ಪಿದೆ ಅಂತ ಪಟ್ಟಿ. ವಕೀಲರಾದ್ರೆ ಕಟ್ಟಡದ ಬಾಡಿಗೆ ಕರಾರು, ಅಥವಾ ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ರಕ್ಷಣೆಯ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ರಚನೆ, 10 ಜನ ಅಥವಾ ಹೆಚ್ಚು ಸಿಬ್ಬಂದಿ ಇದ್ರೆ ಇದು ಕಡ್ಡಾಯ. ಎಚ್‌ಆರ್‌ನವರಾದ್ರೆ ಸಿಬ್ಬಂದಿಗೆಲ್ಲ ನೇಮಕಾತಿ ಪತ್ರ, ನಂಬಿ, ಅದೇ ಇಲ್ಲದ ಸಂಸ್ಥೆಗಳು ತುಂಬ ಇವೆ.

ಈ ಮೂರು ತಿಂಗಳಲ್ಲಿ ಕಮಿಟಿ ಸಭೆಗೂ ಎರಡು ಸಲ ಕರೀರಿ, ಓಟಿಲ್ಲ, ಸುಮ್ಮನೆ ಕೂತು ನೋಡ್ಲಿ. ಹೇಳಿದ ದಿನಕ್ಕೆ ಬರ್ತಾರಾ, ಸಿಬ್ಬಂದಿ ಜೊತೆ ಹೇಗೆ ಮಾತಾಡ್ತಾರೆ, "ನಮ್ಮ ಕಂಪನಿಲಿ ಹೀಗೆ ಮಾಡ್ತಿದ್ವಿ" ಅನ್ನೋದನ್ನ ದಿನಕ್ಕೆ ಎಷ್ಟು ಸಲ ಹೇಳ್ತಾರೆ, ಎಲ್ಲ ಗೊತ್ತಾಗುತ್ತೆ. ಅವರಿಗೂ ನೀವು ಎಂಥವರು ಅಂತ ಗೊತ್ತಾಗುತ್ತೆ. ಹೊಂದಲಿಲ್ಲ ಅಂದ್ರೆ ಕೆಲಸ ಮುಗೀತು, ಧನ್ಯವಾದ ಹೇಳಿ ಕೈಮುಗಿದು ಬಿಡೋದು ಸುಲಭ. ಟ್ರಸ್ಟಿ ಆದಮೇಲೆ ಅಷ್ಟು ಸುಲಭ ಅಲ್ಲ.

ಐಟಿಯವರ ವಿಷಯದಲ್ಲಿ ಒಂದು ಗುಂಡಿ ಇದೆ, ನೋಡ್ಕೊಂಡು ನಡೀರಿ. ಬಂದೋರೆಲ್ಲ "ನಿಮಗೊಂದು ವೆಬ್‌ಸೈಟ್ ಮಾಡ್ಕೊಡ್ತೀನಿ" ಅಂತಾರೆ, ಒಳ್ಳೇ ಮನಸಿಂದಾನೇ. ಡೊಮೈನ್, ಅಂದ್ರೆ ವೆಬ್‌ಸೈಟ್ ವಿಳಾಸ, ಅವರ ಸ್ವಂತ ಇಮೇಲ್‌ನಲ್ಲೇ ನೋಂದಣಿ ಆಗುತ್ತೆ, ಎರಡು ವರ್ಷ ಕಳೆದು ಅವರು ಅಮೆರಿಕಾಕ್ಕೆ ಹೋಗ್ತಾರೆ, ನವೀಕರಣದ ನೋಟಿಸ್ ಯಾವುದೋ ಹಳೇ ಇನ್‌ಬಾಕ್ಸಿಗೆ ಹೋಗಿ ಬಿದ್ದಿರುತ್ತೆ, ಒಂದು ದಿನ ವಿಳಾಸಾನೇ ಕೈಬಿಟ್ಟು ಹೋಗುತ್ತೆ. ಏನೇ ಮಾಡಿದ್ರೂ ಸಂಸ್ಥೆಯ ಇಮೇಲ್, ಸಂಸ್ಥೆಯ ಫೋನ್ ನಂಬರ್ ಮೇಲೇ ಇರಲಿ, ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ. ನನ್ನ ಕೇಳಿದ್ರೆ ವೆಬ್‌ಸೈಟ್‌ಗಿಂತ ಮೊದಲು ದಾನಿಗಳ ಪಟ್ಟಿನ ಒಂದು ಸರಿಯಾದ ಎಕ್ಸೆಲ್ ಶೀಟಿಗೆ ತಂದುಕೊಟ್ರೆ ಅದೇ ದೊಡ್ಡ ಉಪಕಾರ.

7. ಸೇರಿಸ್ಕೊಳ್ಳೋ ಕಾಗದ ಪತ್ರ

ಬಾಯಿಮಾತಲ್ಲಿ ಟ್ರಸ್ಟಿ ಮಾಡೋಕಾಗಲ್ಲ. ಕೋರಂ ಇರೋ ಸಭೆ ಸೇರಿ (ಕೋರಂ ಅಂದ್ರೆ ತೀರ್ಮಾನ ಮಾಡೋಕೆ ಹಾಜರಿರಬೇಕಾದ ಕನಿಷ್ಠ ಸಂಖ್ಯೆ, ಡೀಡ್ ಅಥವಾ ಬೈಲಾದಲ್ಲಿ ಬರೆದಿರುತ್ತೆ), ಠರಾವು ಪಾಸ್ ಮಾಡಿ, ಹೊಸಬರಿಂದ ಲಿಖಿತ ಒಪ್ಪಿಗೆ ತಗೊಳ್ಳಿ. ಆಮೇಲೆ ಎಲ್ಲೆಲ್ಲಿ ಹೆಸರು ಸೇರಿಸ್ಬೇಕೋ ಅಲ್ಲೆಲ್ಲ ಸೇರಿಸಿ: ಬ್ಯಾಂಕು, ಸಂಘ ಆದ್ರೆ ರಿಜಿಸ್ಟ್ರಾರ್, ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್ (ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸೋ ವೆಬ್‌ಸೈಟ್), ತೆರಿಗೆ ಇಲಾಖೆಯ ದಾಖಲೆ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಸೆಕ್ಷನ್ ನಂಬರ್‌ಗಳೆಲ್ಲ ಬೇರೆ ಆಗಿವೆ, ಹಳೇ ಫಾರಂ ನೋಡ್ಕೊಂಡು ತುಂಬಬೇಡಿ, ನಿಮ್ಮ ಸಿಎ ಹತ್ರ ಕೇಳಿ.

ವಿದೇಶಿ ದೇಣಿಗೆ ಪಡೆಯೋ ಸಂಸ್ಥೆ ಆದ್ರೆ ಎಫ್‌ಸಿಆರ್‌ಎ ಕಾಯ್ದೆ ಅನ್ವಯ ಆಗುತ್ತೆ. ಮುಖ್ಯ ಪದಾಧಿಕಾರಿಗಳು ಬದಲಾದ್ರೆ ಎಫ್‌ಸಿ-6ಇ ಫಾರಂನಲ್ಲಿ ಕೇಂದ್ರ ಗೃಹ ಇಲಾಖೆಗೆ ತಿಳಿಸ್ಬೇಕು. ವಿದೇಶಿ ಪಾಸ್‌ಪೋರ್ಟ್ ಇರೋ ನಮ್ಮ ಕನ್ನಡಿಗರನ್ನ ಇಂಥ ಸಂಸ್ಥೆಯ ಕಮಿಟಿಗೆ ತಗೊಳ್ಳೋ ಮುಂಚೆ ವಕೀಲರ ಹತ್ರ ಕೇಳದೆ ಹೆಜ್ಜೆ ಇಡಬೇಡಿ. ಅವರ ಸಲಹೆ ಬೇಕಾದ್ರೆ ಸಲಹಾ ಸಮಿತಿ ಅಂತ ಬೇರೆ ಮಾಡಿ.

ಸೆಕ್ಷನ್ 8 ಕಂಪನಿಗೆ ಡೈರೆಕ್ಟರ್ ಆಗೋರು: ಡಿಐಎನ್ ತಗೊಂಡು, ಡಿಐಆರ್-2ರಲ್ಲಿ ಒಪ್ಪಿಗೆ ಕೊಟ್ಟು, ಕಂಪನಿ 30 ದಿನದೊಳಗೆ ಡಿಐಆರ್-12 ಸಲ್ಲಿಸ್ಬೇಕು. ಗೌರವಕ್ಕೆ ಅಂತ ಒಪ್ಕೊಂಡು ಮರೆತುಬಿಡೋ ಹುದ್ದೆ ಅಲ್ಲ ಇದು. ಕಂಪನಿ ಸತತ 3 ವರ್ಷ ವಾರ್ಷಿಕ ಲೆಕ್ಕ ಅಥವಾ ರಿಟರ್ನ್ ಸಲ್ಲಿಸದಿದ್ರೆ ಅದರ ಡೈರೆಕ್ಟರ್‌ಗಳು 5 ವರ್ಷ ಅನರ್ಹರಾಗ್ತಾರೆ, ಬೇರೆ ಕಂಪನಿಗೂ ಡೈರೆಕ್ಟರ್ ಆಗೋಕಾಗಲ್ಲ. 2017ರಲ್ಲಿ ಸರ್ಕಾರ ಹೀಗೆ ದೇಶಾದ್ಯಂತ 3 ಲಕ್ಷಕ್ಕೂ ಹೆಚ್ಚು ಡೈರೆಕ್ಟರ್‌ಗಳನ್ನ ಅನರ್ಹಗೊಳಿಸಿತ್ತು. ನಾಳೆ ಸ್ವಂತ ಕಂಪನಿ ಮಾಡೋ ಆಸೆ ಇರೋ ಹುಡುಗರು ಇದನ್ನ ಎರಡು ಸಲ ಓದಿ.

8. ಮೊದಲ ಆರು ತಿಂಗಳು, ಮತ್ತೆ ಬಿಡೋ ದಿನ

ಸೇರಿದ ವಾರದಲ್ಲೇ ಹೊಸಬರನ್ನ ಕರ್ಕೊಂಡು ಹೋಗಿ ಕೆಲಸ ನಡೆಯೋ ಜಾಗ ತೋರಿಸಿ. ಆಫೀಸಲ್ಲ, ಅಡುಗೆಮನೆ, ತರಗತಿ, ಮಕ್ಕಳು ಮಲಗೋ ಕೋಣೆ. ಅಡುಗೆಯವರ ಹೆಸರು ಗೊತ್ತಿರೋ ಖಜಾಂಚಿ ಬಜೆಟ್‌ನಲ್ಲಿ ಗ್ಯಾಸ್ ಖರ್ಚು ಕಡಿತ ಮಾಡೋ ಮುಂಚೆ ಒಂದು ಸಲ ಯೋಚನೆ ಮಾಡ್ತಾರೆ. ಕಮಿಟಿಲಿ ಹಳಬರೊಬ್ಬರು ಅವರಿಗೆ ಜೋಡಿ ಆಗಿರಲಿ, ಯಾವ ಪ್ರಶ್ನೆ ಬೇಕಾದ್ರೂ ಫೋನ್ ಮಾಡಿ ಕೇಳೋ ಹಾಗೆ.

ಅವರು ಪ್ರಶ್ನೆ ಕೇಳಿದಾಗ ಸಂಸ್ಥಾಪಕರು ಮುನಿಸ್ಕೋಬಾರದು, ಇದನ್ನ ನಾನು ಕೈಮುಗಿದು ಕೇಳ್ಕೋತೀನಿ. ಇಪ್ಪತ್ತು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕಟ್ಟಿದ ಸಂಸ್ಥೆಲಿ ನಿನ್ನೆ ಬಂದೋರು "ಈ ಬಿಲ್ ಎಲ್ಲಿ" ಅಂದ್ರೆ ಮನಸ್ಸಿಗೆ ಚುಚ್ಚೋದು ಸಹಜ. ಆದ್ರೆ ಆ ಬಿಲ್ ಕೇಳೋಕೆ ಅಂತಾನೇ ಅವರನ್ನ ಕರೆದಿದ್ದು. ಹೊಸಬರೂ ಅಷ್ಟೇ, ಕಮಿಟಿಯ ಕೆಲಸ ನೋಡೋದು, ಕೇಳೋದು, ತೀರ್ಮಾನ ಮಾಡೋದು. ದಿನಾ ಬೆಳಿಗ್ಗೆ ಬಂದು ಸಿಬ್ಬಂದಿಗೆ ಆರ್ಡರ್ ಮಾಡೋದಲ್ಲ.

ಅವಧಿ ಮೊದಲೇ ಬರೆದಿಟ್ಕೊಳ್ಳಿ, ಡೀಡ್ ಅಥವಾ ಬೈಲಾ ಒಪ್ಪಿದ್ರೆ ಮೂರು ವರ್ಷ, ಬೇಕಾದ್ರೆ ಇನ್ನೊಂದು ಮೂರು. ಆರನೇ ತಿಂಗಳಲ್ಲಿ ಇಬ್ಬರೇ ಕೂತು ಒಂದು ಕಾಫಿ ಕುಡೀತಾ ಹೇಗಿದೆ ಅಂತ ಮಾತಾಡಿ, ಆಗ್ತಿಲ್ಲ ಅಂದ್ರೆ ಆವಾಗ್ಲೇ ಹೇಳೋಕೆ ಅವರಿಗೂ ದಾರಿ ಸಿಗುತ್ತೆ. ಬಿಟ್ಟು ಹೋಗೋರಿಂದ ಲಿಖಿತ ರಾಜೀನಾಮೆ ತಗೊಂಡು, ಸಭೆಲಿ ಅಂಗೀಕರಿಸಿ ನಡಾವಳಿಲಿ ಬರೀರಿ, ಅವರಿಗೂ ಒಂದು ಪ್ರತಿ ಕೊಡಿ. ಮಾರನೇ ದಿನವೇ ಬ್ಯಾಂಕಿಗೆ ಹೋಗಿ ಸಹಿದಾರರ ಪಟ್ಟಿಯಿಂದ ಹೆಸರು ತೆಗೆಸಿ, ನೆಟ್ ಬ್ಯಾಂಕಿಂಗ್‌ಗೆ ಅವರ ಮೊಬೈಲ್‌ಗೆ ಓಟಿಪಿ ಬರ್ತಿದ್ರೆ ಅದನ್ನೂ ಅವತ್ತೇ ಬದಲಾಯಿಸಿ.